ಬಾಂಬು ಹಾಕಿದವರ ಹೆಸರು, ಬಾಂಬು ತಿಂದವರ ಹೆಸರು

ಸೋನೆಮಳೆ | ಲಿಂಕನ್, ಇಂಗ್ಲೆಂಡ್

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವವಳೇ ಹೊರತು ಬರೆಯುವವಳಲ್ಲ. ಇವತ್ತು ಮಾತ್ರ ಬರೆಯದೆ ಇರೋಕೆ ಆಗಲಿಲ್ಲ.

ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನಾನು ನರ್ಸ್. ಅಲ್ಲಿ ಒಬ್ಬ ಅಜ್ಜಿ ಇದ್ದರು. ಮರೆವಿನ ಕಾಯಿಲೆ. ಮಗಳ ಹೆಸರೇ ಮರೆತುಹೋಗಿತ್ತು. ಆದರೆ ಬೆಳಿಗ್ಗೆ ಟೀ ಕೊಡಲು ಹೋದರೆ ದಿನಾ ಅದೇ ಪ್ರಶ್ನೆ: "ಎಲ್ಲಾ ವಾಪಸ್ ಬಂದ್ರಾ?" ಮಕ್ಕಳನ್ನು ಕೇಳ್ತಿದ್ದಾರೆ ಅಂದುಕೊಂಡು ನಾನು "ಹೂಂ, ಬಂದ್ರು" ಅಂತಿದ್ದೆ. ಇಂಗ್ಲಿಷಿನಲ್ಲಿ 'ಬಂದ್ರಾ', 'ಬಂದ್ವಾ' ಎರಡಕ್ಕೂ ಒಂದೇ ಮಾತು, ನೋಡಿ. ಅಜ್ಜಿ ಕೇಳುತ್ತಿದ್ದದ್ದು ವಿಮಾನಗಳನ್ನು.

ಅವರ ಮಗಳು ಹೇಳಿದ ಮೇಲೆ ಅರ್ಥವಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರ ಮನೆ ಒಂದು ವಿಮಾನ ನೆಲೆಯ ಬೇಲಿ ಪಕ್ಕದಲ್ಲೇ ಇತ್ತಂತೆ. ಆಗ ಇವರಿಗೆ ಎಂಟು ವರ್ಷ. ಸಂಜೆ ಬಾಂಬು ಹಾಕಲು ಹೊರಟ ಲ್ಯಾಂಕಾಸ್ಟರ್ ವಿಮಾನಗಳು ಏಳುವಾಗ ಅಮ್ಮನ ಜೊತೆ ಬಾಗಿಲಲ್ಲಿ ನಿಂತು ಎಣಿಸುವುದು. ಬೆಳಗಿನ ಜಾವ ಹಾಸಿಗೆಯಲ್ಲೇ ಮಲಗಿ ಸದ್ದು ಕೇಳಿ ಎಣಿಸುವುದು. ಲೆಕ್ಕ ಸರಿಹೋಗದ ದಿನ ಅಮ್ಮ ಯಾರ ಜೊತೆಗೂ ಮಾತಾಡುತ್ತಿರಲಿಲ್ಲವಂತೆ. ಈ ಲಿಂಕನ್‌ಶೈರ್ ಜಿಲ್ಲೆಗೆ ಆಗ 'ಬಾಂಬರ್ ಕೌಂಟಿ' ಅಂತಲೇ ಹೆಸರು. ಹೊಲಕ್ಕೊಂದು ರನ್‌ವೇ ಇದ್ದ ಹಾಗೆ.

ಅಜ್ಜಿ ಹೋದ ಚಳಿಗಾಲ ತೀರಿಕೊಂಡರು. ಮೊನ್ನೆ ರಜೆಯಲ್ಲಿ ನಾನು ಕ್ಯಾನ್‌ವಿಕ್ ಗುಡ್ಡಕ್ಕೆ ಹೋಗಿದ್ದೆ. ಅಲ್ಲಿ 2018ರಲ್ಲಿ ತೆರೆದ ಬಾಂಬರ್ ಕಮಾಂಡ್ ಸ್ಮಾರಕ ಕೇಂದ್ರ ಇದೆ. ಬಾಂಬರ್ ಕಮಾಂಡ್ ಎಂದರೆ ಆಗ ಬಾಂಬು ಹಾಕಲು ಹೋಗುತ್ತಿದ್ದ ಬ್ರಿಟಿಷ್ ವಾಯುಪಡೆಯ ವಿಭಾಗ. ನಡುವೆ ತುಕ್ಕು ಬಣ್ಣದ ಉಕ್ಕಿನ ಗೋಪುರ, 31 ಮೀಟರ್ ಎತ್ತರ. ಒಂದು ಲ್ಯಾಂಕಾಸ್ಟರ್‌ನ ಎರಡು ರೆಕ್ಕೆಗಳ ಉದ್ದ ಎಷ್ಟೋ ಅಷ್ಟೇ ಎತ್ತರ. ಸುತ್ತ ಅದೇ ಉಕ್ಕಿನ ಗೋಡೆಗಳು. ಅದರಲ್ಲಿ ಹೆಸರು, ಹೆಸರು, ಹೆಸರು. ವಿಮಾನದಲ್ಲಿ ಹೋಗಿ ಸತ್ತವರು 55,573 ಮಂದಿ. ನೆಲದ ಮೇಲೆ ಕೆಲಸ ಮಾಡುತ್ತಾ ಸತ್ತವರೂ ಸೇರಿ ಗೋಡೆಯ ಮೇಲೆ 58,000ಕ್ಕೆ ಹತ್ತಿರ ಹೆಸರುಗಳಿವೆ. ನಾನು ಒಂದು ತಗಡಿನಷ್ಟೂ ಓದಿ ಮುಗಿಸಲಿಲ್ಲ.

ಗುಡ್ಡದಿಂದ ನೋಡಿದರೆ ಎದುರಿಗೆ ಲಿಂಕನ್ ಕೆಥೆಡ್ರಲ್. ಹೊರಡುವಾಗ ಹುಡುಗರು ಕೊನೆಗೆ ನೋಡುತ್ತಿದ್ದದ್ದು ಅದನ್ನು. ವಾಪಸ್ ಬರುವಾಗ ಅದರ ಗೋಪುರ ಕಂಡರೆ ಮನೆ ಬಂತು ಅಂತ.

ಒಳ್ಳೆಯ ವಿಷಯ ಎಂದರೆ ಆ ಕೇಂದ್ರದವರು ಕೆಳಗಿದ್ದವರ ಮಾತನ್ನೂ ಕೂಡಿಟ್ಟಿದ್ದಾರೆ. ಜರ್ಮನಿ, ಇಟಲಿಯ ಸಾಮಾನ್ಯ ಜನ ಹೇಳಿದ್ದು ಅವರ ಸಂಗ್ರಹದಲ್ಲಿದೆ. ಆದರೆ ಗೋಡೆಯ ಮೇಲೆ ಇರುವುದು ಮೇಲಿಂದ ಹೋದವರ ಹೆಸರು ಮಾತ್ರ. ಬಸ್ಸಿನಲ್ಲಿ ವಾಪಸ್ ಬರುವಾಗ ಅದೇ ತಲೆಯಲ್ಲಿ ಕೊರೀತಿತ್ತು. ಆ ವಿಮಾನಗಳು ಹೋಗಿದ್ದು ಎಲ್ಲಿಗೆ? ಅಲ್ಲಿ ಸತ್ತವರ ಹೆಸರು ಯಾರು ಬರೆದಿದ್ದಾರೆ? ನಿಮ್ಮಲ್ಲಿ ಯಾರಾದರೂ ಜರ್ಮನಿಯಲ್ಲಿ ಇದ್ದರೆ ಹೇಳ್ತೀರಾ?


ಎಲ್ಬೆದಂಡೆ | ಹ್ಯಾಂಬರ್ಗ್

ಸೋನೆಮಳೆ ಅವರೇ, ನಾನಿದ್ದೇನೆ. ಹ್ಯಾಂಬರ್ಗ್‌ಗೆ ಬಂದು ಹನ್ನೊಂದು ವರ್ಷ.

ಇಲ್ಲಿ ಓಲ್ಸ್‌ಡಾರ್ಫ್ ಅಂತ ಒಂದು ಸ್ಮಶಾನ ಇದೆ. ಸ್ಮಶಾನ ಎಂದರೆ ನಮ್ಮ ಕಲ್ಪನೆಯದ್ದಲ್ಲ. ಒಳಗೆ ಬಸ್ಸು ಓಡಾಡುತ್ತೆ, ಅಷ್ಟು ದೊಡ್ಡದು. ಅದರೊಳಗೆ ಒಂದು ಕಡೆ ಶಿಲುಬೆಯ ಆಕಾರದಲ್ಲಿ ಉದ್ದುದ್ದ ಹುಲ್ಲುಹಾಸು. ಅಲ್ಲಿ ಸುಮಾರು 37,000 ಜನರನ್ನು ಒಟ್ಟಿಗೆ ಹೂಳಿದ್ದಾರೆ. ಎಲ್ಲಾ 1943ರ ಜುಲೈ ಕೊನೆ, ಆಗಸ್ಟ್ ಮೊದಲ ದಿನಗಳ ದಾಳಿಗಳಲ್ಲಿ ಸತ್ತವರು.

ಹೆಸರು ಕೇಳಿದಿರಲ್ಲ. ಹುಲ್ಲಿಗೆ ಅಡ್ಡಲಾಗಿ ದಪ್ಪ ಓಕ್ ಮರದ ತೊಲೆಗಳನ್ನು ಇಟ್ಟಿದ್ದಾರೆ. ಅವುಗಳ ಮೇಲೆ ಕೊರೆದಿರುವುದು ಜನರ ಹೆಸರಲ್ಲ, ಬಡಾವಣೆಗಳ ಹೆಸರು. ಹ್ಯಾಮರ್‌ಬ್ರೋಕ್. ಹ್ಯಾಮ್. ರೋಥೆನ್‌ಬುರ್ಗ್ಸ್‌ಓರ್ಟ್. ಜಯನಗರ, ಬಸವನಗುಡಿ, ಚಾಮರಾಜಪೇಟೆ ಅಂತ ಬರೆದು ಸುಮ್ಮನಾದ ಹಾಗೆ. ಯಾಕೆಂದರೆ ಯಾರು ಯಾರು ಅಂತ ಗುರುತು ಹಿಡಿಯುವುದಕ್ಕೇ ಆಗಿರಲಿಲ್ಲ.

ಆದದ್ದು ಹೀಗೆ. ಜುಲೈ 24ರ ರಾತ್ರಿ ದಾಳಿ ಶುರುವಾಯಿತು. ಬ್ರಿಟಿಷರು ಮೊದಲ ಸಲ ಅಲ್ಯೂಮಿನಿಯಂ ಹಾಳೆಯ ಸಣ್ಣ ಪಟ್ಟಿಗಳನ್ನು ಕಂತೆಗಟ್ಟಲೆ ಆಕಾಶದಿಂದ ಉದುರಿಸಿದರು. ಜರ್ಮನ್ ರಾಡಾರ್ ತುಂಬಾ ಬರೀ ಚುಕ್ಕೆ. ವಿಮಾನ ಯಾವುದು, ತಗಡು ಯಾವುದು ಗೊತ್ತಾಗಲಿಲ್ಲ. 27ರ ರಾತ್ರಿ ಮತ್ತೆ ಬಂದರು. ಆ ವಾರ ಬಿಸಿಲು ಜಾಸ್ತಿ, ಊರು ಒಣಗಿ ಕೂತಿತ್ತು. ಸಾವಿರಾರು ಸಣ್ಣ ಬೆಂಕಿಗಳು ಕೂಡಿಕೊಂಡು ಒಂದೇ ಬೆಂಕಿ ಆಯಿತು. ಅದು ಮೇಲೇರುತ್ತಾ ಸುತ್ತಲಿನ ಗಾಳಿಯನ್ನು ಎಳೆದುಕೊಂಡಿತು. ಮರಗಳು ಬೇರುಸಹಿತ ಕಿತ್ತುಹೋಗುವ ಗಾಳಿ. ರಸ್ತೆಯ ಡಾಂಬರು ಕರಗಿ ಓಡುವವರ ಕಾಲು ಅಂಟಿಕೊಂಡಿತು. ನೆಲಮಾಳಿಗೆಯಲ್ಲಿ ಅಡಗಿದ್ದವರಲ್ಲಿ ಎಷ್ಟೋ ಜನ ಸುಟ್ಟು ಸತ್ತದ್ದಲ್ಲ, ಉಸಿರುಕಟ್ಟಿ ಸತ್ತದ್ದು. ಕೂತವರು ಕೂತ ಹಾಗೇ ಇದ್ದರಂತೆ.

ಆಮೇಲೆ ಹೆಣ ತೆಗೆಯಲು ಯಾರನ್ನು ಕಳಿಸಿದರು ಗೊತ್ತಾ? ಹತ್ತಿರದ ನಾಯೆನ್‌ಗಾಮೆ ನಾತ್ಸಿ ಶಿಬಿರದ ಕೈದಿಗಳನ್ನು. ಸಿಡಿಯದ ಬಾಂಬು ಅಗೆಯುವುದಕ್ಕೂ ಅವರೇ. ಹೊರದೇಶದಿಂದ ಹಿಡಿದು ತಂದ ಕೂಲಿಗಳಿಗೆ, ಉಳಿದಿದ್ದ ಯಹೂದಿಗಳಿಗೆ ಒಳ್ಳೆಯ ಆಶ್ರಯತಾಣಗಳ ಒಳಗೆ ಜಾಗವೇ ಇರಲಿಲ್ಲ. ಇವರ ಲೆಕ್ಕ ಯಾವ ತೊಲೆಯ ಮೇಲೆ ಬರೆಯೋದು?

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಓಮಾ ಇದ್ದಾರೆ. ಓಮಾ ಎಂದರೆ ಇಲ್ಲಿ ಅಜ್ಜಿ. ಒಂದು ಮಳೆಗಾಲ ನಾನು ಊರಿಂದ ತಂದ ಕರಿ ಕಂಬಳಿ ತೊಳೆದು ಮೆಟ್ಟಿಲ ಕಟಕಟೆಗೆ ಹಾಕಿದ್ದೆ. ಅವರು ಬಂದು ಬಾಗಿಲು ತಟ್ಟಿದರು. ಮುಖ ಬಿಳಿಚಿಕೊಂಡಿತ್ತು. ದಯವಿಟ್ಟು ಅದನ್ನು ತೆಗೀರಿ ಅಂದರು, ಅಷ್ಟೇ. ಕಾರಣ ಹೇಳಲಿಲ್ಲ. ವರ್ಷ ಕಳೆದ ಮೇಲೆ ಹೇಳಿದರು. ಆ ರಾತ್ರಿ ಅವರ ಅಮ್ಮ ಒದ್ದೆ ಉಣ್ಣೆ ಕಂಬಳಿ ಸುತ್ತಿ ಅವರನ್ನು ಎತ್ತಿಕೊಂಡು ಓಡಿದ್ದಂತೆ. ಆ ವಾಸನೆ.


ರಾಗಿಮುದ್ದೆ_ಪ್ರೇಮಿ

ಓದಿ ಸುಮ್ನೆ ಕೂತಿದ್ದೇನೆ. ಇಬ್ಬರೂ ಇನ್ನೂ ಬರೆಯಿರಿ.


ನೇರಮಾತು | ಶಿವಮೊಗ್ಗ

ಕ್ಷಮಿಸಿ, ಸ್ವಲ್ಪ ಕಹಿಯಾಗಿ ಹೇಳ್ತೀನಿ. 1943 ಅಂದ್ರಲ್ಲ. ಅದೇ ವರ್ಷ ಬಂಗಾಳದಲ್ಲಿ ಬರಗಾಲ. ಸುಮಾರು 30 ಲಕ್ಷ ಜನ ಸತ್ತರು ಎನ್ನುತ್ತಾರೆ. ಅವರಿಗೆ ಗೋಡೆ ಎಲ್ಲಿದೆ? ಬ್ರಿಟಿಷ್ ವಿಮಾನದವರಿಗೆ ನಾವ್ಯಾಕೆ ಕಣ್ಣೀರು ಹಾಕಬೇಕು? ಇನ್ನೊಂದು. 1942ರ ಫೆಬ್ರವರಿಯಲ್ಲಿ ಬಾಂಬರ್ ಕಮಾಂಡ್‌ಗೆ ಬಂದ ಆದೇಶದಲ್ಲೇ ಇದೆ: ಶತ್ರು ದೇಶದ ಜನರ, ಅದರಲ್ಲೂ ಕಾರ್ಖಾನೆ ಕಾರ್ಮಿಕರ ಸ್ಥೈರ್ಯ ಮುರಿಯುವುದೇ ಗುರಿ ಅಂತ. ಅಂದರೆ ಮನೆಗಳ ಮೇಲೆ ಬೇಕಂತಲೇ ಹಾಕಿದ್ದು. ಡ್ರೆಸ್ಡನ್ ಒಂದರಲ್ಲೇ ಎರಡು ಲಕ್ಷ ಜನ. ಇದನ್ನು ಮಾಡಿದವರ ಹೆಸರು ಉಕ್ಕಿನಲ್ಲಿ ಕೊರೆಯಬೇಕಾ?


ಹಳೇಟ್ರಂಕು | ಮೈಸೂರು

ನೇರಮಾತು ಅವರೇ, ನಿಮ್ಮ ಮಾತಿನಲ್ಲಿ ಮುಕ್ಕಾಲು ಭಾಗ ನಾನು ಒಪ್ಪುತ್ತೇನೆ. ಒಂದು ಅಂಕಿ ಮಾತ್ರ ತಪ್ಪು. ನಾನು ಇತಿಹಾಸದ ಮೇಷ್ಟ್ರು, ನಿವೃತ್ತನಾದರೂ ಕೆಂಪು ಪೆನ್ನು ಕೆಳಗಿಟ್ಟಿಲ್ಲ.

ಡ್ರೆಸ್ಡನ್ ದಾಳಿ 1945ರ ಫೆಬ್ರವರಿ 13ರಿಂದ 15ರವರೆಗೆ. ಎರಡು ಲಕ್ಷ ಎನ್ನುವುದು ನಾತ್ಸಿ ಪ್ರಚಾರ ಖಾತೆ ಹಬ್ಬಿಸಿದ ಅಂಕಿ. ಕೊನೆಗೊಂದು ಸೊನ್ನೆ ಸೇರಿಸಿದರು, ಮುಗೀತು. ಡ್ರೆಸ್ಡನ್ ನಗರವೇ ಇತಿಹಾಸಕಾರರ ಸಮಿತಿ ಕೂರಿಸಿ ವರ್ಷಗಟ್ಟಲೆ ದಾಖಲೆ ನೋಡಿಸಿತು. 2010ರಲ್ಲಿ ಬಂದ ವರದಿಯ ಪ್ರಕಾರ ಸತ್ತವರು ಹೆಚ್ಚೆಂದರೆ 25,000. ಅದು ಕಡಿಮೆಯೇನಲ್ಲ. 25,000 ಸಾಕಾಗಲ್ಲ ಅಂತ ಸೊನ್ನೆ ಸೇರಿಸುವವರಿಗೆ ಸತ್ತವರ ಮೇಲೆ ಪ್ರೀತಿ ಇರಲ್ಲ, ಬೇರೆ ಏನೋ ಲೆಕ್ಕ ಇರುತ್ತೆ. ನಿಮಗೆ ಹೇಳಿದ್ದಲ್ಲ ಇದು. ಅಂಕಿ ಹುಟ್ಟಿಸಿದವರಿಗೆ.

ಇನ್ನು ಆ ಹುಡುಗರ ವಿಷಯ. ಒಂದು ಲ್ಯಾಂಕಾಸ್ಟರ್‌ನಲ್ಲಿ ಏಳು ಜನ. ಪೈಲಟ್, ಎಂಜಿನಿಯರ್, ದಾರಿ ತೋರಿಸುವವನು, ಬಾಂಬು ಬಿಡುವವನು, ವೈರ್‌ಲೆಸ್‌ನವನು, ಮೇಲೊಬ್ಬ ಬಂದೂಕಿನವನು, ಬಾಲದಲ್ಲಿ ಇನ್ನೊಬ್ಬ. ಬಾಲದಲ್ಲಿ ಕೂತವನ ಗೂಡು ಎಂದರೆ ನಮ್ಮ ಮನೆಯ ಬಚ್ಚಲಲ್ಲಿ ಅರ್ಧ. ಮೈ ಕೊರೆಯುವ ಚಳಿ, ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಎಂಟು ಗಂಟೆ ಒಬ್ಬನೇ ಕತ್ತಲೆ ನೋಡುತ್ತಾ ಹಿಮ್ಮುಖವಾಗಿ ಕೂತಿರಬೇಕು. ಸರಾಸರಿ ವಯಸ್ಸು 22. ನನ್ನ ಡಿಗ್ರಿ ವಿದ್ಯಾರ್ಥಿಗಳ ವಯಸ್ಸು ಅದು. ಅವರಿಗೆ ನಾನು ಹೋಮ್‌ವರ್ಕ್ ಸರಿಯಾಗಿ ಬರೆದುಕೊಂಡು ಬರಲಿಕ್ಕೆ ಹೇಳಿ ಸುಸ್ತಾಗಿದ್ದೇನೆ.

ಒಂದು ಸರದಿಯಲ್ಲಿ ಒಬ್ಬೊಬ್ಬನೂ 30 ದಾಳಿ ಮುಗಿಸಬೇಕು. ಒಟ್ಟು ಸುಮಾರು 1,25,000 ಜನ ಹಾರಿದರು, ನೂರಕ್ಕೆ 44 ಜನ ಸತ್ತರು. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್‌ಗೆ ಹೊರಟ 795 ವಿಮಾನಗಳಲ್ಲಿ 95 ಬರಲೇ ಇಲ್ಲ. ಸೋನೆಮಳೆ ಅವರ ಅಜ್ಜಿ ಎಣಿಸಿದ ಬೆಳಗುಗಳಲ್ಲಿ ಅದೂ ಒಂದು ಇರಬಹುದು. ಎಲ್ಲರೂ ತಾವಾಗಿ ಬಂದವರು, ಬಲವಂತ ಇರಲಿಲ್ಲ. ಆದರೆ ನಡುವೆ ಯಾರಾದರೂ 'ನನ್ನಿಂದ ಆಗಲ್ಲ' ಅಂದರೆ ಅವನ ಕಡತದ ಮೇಲೆ 'ಸ್ಥೈರ್ಯ ಸಾಲದವನು' ಅಂತ ಮುದ್ರೆ ಬೀಳುತ್ತಿತ್ತು. ತೋಳಿನ ಮೇಲಿನ ದರ್ಜೆಯ ಪಟ್ಟಿ ಕಿತ್ತುಕೊಂಡು ಕಳಿಸುತ್ತಿದ್ದರು.

ಗೆದ್ದ ಮೇಲೆ ಸರ್ಕಾರಕ್ಕೂ ಇವರು ಮುಜುಗರ ಆದರು. ಪ್ರತ್ಯೇಕ ಪದಕ ಕೊಡಲಿಲ್ಲ. 2013ರಲ್ಲಿ ಪದಕದ ಪಟ್ಟಿಗೆ ಸಿಕ್ಕಿಸುವ ಒಂದು ಸಣ್ಣ ಪಟ್ಟಿ ಕೊಟ್ಟರು. ಅಷ್ಟು ಹೊತ್ತಿಗೆ ಬದುಕಿದ್ದವರು ಎಷ್ಟು ಜನ?

ಕೊನೆಗೆ ಒಂದು ಮಾತು, ವಿಷಯದಿಂದ ಸ್ವಲ್ಪ ಆಚೆ. ನಮ್ಮ ವೀರಗಲ್ಲುಗಳನ್ನು ನೋಡಿ. ತುರು ಹಿಡಿಯಲು ಬಂದವರ ಜೊತೆ ಹೋರಾಡಿ ಸತ್ತವನ ಹೆಸರು ಇರುತ್ತೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ಕಲ್ಲಿನಲ್ಲಿ ಹಂದಿಯ ಜೊತೆ ಕಾದು ಸತ್ತ ನಾಯಿಯ ಹೆಸರೂ ಇದೆ, ಕಾಳಿ ಅಂತ. ಹಾಗೇ 'ಊರಳಿವು' ಅಂತ ಒಂದು ಮಾತು ಶಾಸನಗಳಲ್ಲಿ ಬರುತ್ತೆ. ಊರಿಗೆ ಊರೇ ಹಾಳಾದದ್ದು. ಅಲ್ಲಿ ಕಾದಾಡಿ ಸತ್ತ ವೀರನ ಹೆಸರು ಸಿಗುತ್ತೆ. ಅಳಿದ ಊರಿನ ಹೆಂಗಸರು, ಮಕ್ಕಳು, ಮುದುಕರ ಹೆಸರು ನಾನಂತೂ ಓದಿಲ್ಲ. ಓಲ್ಸ್‌ಡಾರ್ಫ್‌ನ ತೊಲೆಗಳ ಬಗ್ಗೆ ಓದಿದಾಗ ನನಗೆ ತಟ್ಟನೆ ನೆನಪಾದ ಪದ ಅದು.


ನೇರಮಾತು

ಮೇಷ್ಟ್ರೇ, ಅಂಕಿ ತಿದ್ದಿದ್ದಕ್ಕೆ ಥ್ಯಾಂಕ್ಸ್. ಯಾವುದೋ ವಾಟ್ಸ್‌ಆ್ಯಪ್ ಫಾರ್ವರ್ಡ್‌ನಲ್ಲಿ ಓದಿದ್ದು, ತಪ್ಪು ನನ್ನದೇ. ಆದರೆ ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ವಯಸ್ಸು 22 ಎಂದರೆ ತಪ್ಪು ಮಾಫಿ ಆಗುತ್ತಾ? ಕೆಳಗೆ ಎರಡು ವರ್ಷದ ಮಕ್ಕಳೂ ಇದ್ದರು. ಜರ್ಮನಿಯಲ್ಲಿ ಬಾಂಬಿಗೆ ಸತ್ತ ಸಾಮಾನ್ಯ ಜನ ಮೂರೂವರೆ ಲಕ್ಷದಿಂದ ಆರು ಲಕ್ಷ ಅಂತ ಅಂದಾಜು ಇದೆ. ಇದನ್ನು ನಾನು ಫಾರ್ವರ್ಡ್‌ನಲ್ಲಿ ಓದಿದ್ದಲ್ಲ.


ಬಸ್ಸುತಪ್ಪಿತು | ಕೊವೆಂಟ್ರಿ

ಶುರು ಮಾಡಿದವರು ಯಾರು ಅಂತ ಯಾರೂ ಹೇಳಲೇ ಇಲ್ವಲ್ಲ. ಜರ್ಮನ್ನರೇ ಮೊದಲು ಬಾಂಬು ಹಾಕಿದ್ದು: ವಾರ್ಸಾ, ರಾಟರ್‌ಡ್ಯಾಮ್, ಲಂಡನ್. ಲಂಡನ್ ಮೇಲೆ 1940ರ ಸೆಪ್ಟೆಂಬರ್ 7ರಿಂದ ಸತತ 57 ರಾತ್ರಿ ಬಾಂಬು ಬಿತ್ತು. ನಾನಿರುವ ಊರಿಗೆ ನವೆಂಬರ್ 14ರ ರಾತ್ರಿ. 568 ಜನ ಸತ್ತರು. ಹಳೇ ಕೆಥೆಡ್ರಲ್ ಸುಟ್ಟುಹೋಯಿತು. ಗೋಡೆ ಮಾತ್ರ ಉಳಿದಿದೆ, ಮೇಲೆ ಆಕಾಶ. ಈಗ ಅದರ ಪಕ್ಕದಲ್ಲೇ 1962ರಲ್ಲಿ ಕಟ್ಟಿ ಮುಗಿಸಿದ ಹೊಸದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಹಾಳುಬಿದ್ದ ಕೆಥೆಡ್ರಲ್‌ನಲ್ಲಿ ಸುಟ್ಟ ತೊಲೆಗಳ ಶಿಲುಬೆ ನಿಲ್ಲಿಸಿ, ಹಿಂದಿನ ಗೋಡೆಯ ಮೇಲೆ ಎರಡೇ ಪದ ಬರೆದಿದ್ದಾರೆ. 'ತಂದೆಯೇ, ಕ್ಷಮಿಸು.' ಬೈಬಲ್‌ನಲ್ಲಿ ಇರುವುದು 'ಇವರನ್ನು ಕ್ಷಮಿಸು' ಅಂತ. 'ಇವರನ್ನು' ಎನ್ನುವುದನ್ನು ಬೇಕಂತಲೇ ಬಿಟ್ಟಿದ್ದಾರೆ. ಇದು ಗೊತ್ತಾಗುವ ಮೊದಲು ಎಷ್ಟೋ ಸಲ ಅದರ ಮುಂದೆ ಕೂತು ಚಿಪ್ಸ್ ತಿಂದಿದ್ದೇನೆ.

ಅಲ್ಲಿನ ಹಳೇ ಮಾಳಿಗೆಯ ಮೊಳೆಗಳಿಂದ ಮಾಡಿದ ಶಿಲುಬೆಗಳನ್ನು ಜರ್ಮನಿಯ ಊರುಗಳಿಗೆ ಕೊಟ್ಟರು. ಡ್ರೆಸ್ಡನ್‌ನ ಫ್ರೌಯೆನ್‌ಕಿರ್ಶೆ ಚರ್ಚಿನಲ್ಲೂ ಒಂದು ಇದೆ. ಅದೇ ಚರ್ಚಿನ ತುದಿಯಲ್ಲಿರುವ ಬಂಗಾರದ ಬಣ್ಣದ ಶಿಲುಬೆ ಮಾಡಿದ್ದು ಲಂಡನ್ನಿನ ಒಬ್ಬ ಕುಶಲಕರ್ಮಿ. ಅವರ ಅಪ್ಪ ಡ್ರೆಸ್ಡನ್ ಮೇಲೆ ಬಾಂಬು ಹಾಕಲು ಹೋದ ಪೈಲಟ್‌ಗಳಲ್ಲಿ ಒಬ್ಬರು.


ಕಾಗಿಣಾತೀರ | ಕಲಬುರಗಿ

ನಮಸ್ಕಾರ್ರಿ ಎಲ್ಲರಿಗೂ. ನೇರಮಾತು ಅಣ್ಣಾರು 'ನಾವ್ಯಾಕೆ' ಅಂತ ಕೇಳಿದ್ರಲ್ಲ, ಅದಕ್ಕೊಂದು ಉತ್ತರ ನಮ್ಮ ಕಡೆ ಅದ ನೋಡ್ರಿ. ನಮ್ಮ ಜಿಲ್ಲೆ ಆಗ ನಿಜಾಮರ ಕೈಯಾಗಿತ್ತು. ಬೀದರ, ಗುಲ್ಬರ್ಗ, ರಾಯಚೂರು ಮೂರೂ. ಮೊದಲನೇ ಮಹಾಯುದ್ಧದಾಗ ನಿಜಾಮರು ಬ್ರಿಟಿಷರಿಗೆ ವಿಮಾನ ಕೊಂಡುಕೊಳ್ಳಲಿಕ್ಕೆ ರೊಕ್ಕ ಕೊಟ್ಟಿದ್ದರು. ಅದಕ್ಕೇ ಅವರ 110ನೇ ಸ್ಕ್ವಾಡ್ರನ್‌ಗೆ, ಅಂದರೆ ವಿಮಾನದ ದಳಕ್ಕೆ, 'ಹೈದರಾಬಾದ್' ಅಂತ ಹೆಸರು ಸೇರಿತು. ಎರಡನೇ ಯುದ್ಧ ಸಾರಿದ ಮರುದಿನ, 1939ರ ಸೆಪ್ಟೆಂಬರ್ 4ಕ್ಕೆ, ವಿಲ್ಹೆಮ್ಸ್‌ಹಾಫೆನ್ ಬಂದರಿನ ಹಡಗುಗಳ ಮೇಲೆ ಬ್ರಿಟಿಷರ ಮೊದಲ ಬಾಂಬು ದಾಳಿ ಆಯಿತು. ಅದರಾಗ ಇದೇ ಹೈದರಾಬಾದ್ ಸ್ಕ್ವಾಡ್ರನ್‌ನ ಬ್ಲೆನ್‌ಹೈಮ್ ವಿಮಾನ ಇದ್ದವು.

ನಿಜಾಮರ ರೊಕ್ಕ ಅಂದರೆ ಯಾರ ರೊಕ್ಕರಿ? ನಮ್ಮ ಮುತ್ತಜ್ಜ ಕಟ್ಟಿದ ಕಂದಾಯದಾಗಿನ ಒಂದಾಣೆ ಅದರಾಗ ಇದ್ದಿರಬೇಕು. ಆತಗೆ ವಿಮಾನ ಅಂದರೇನಂತ ಗೊತ್ತಿರಲಿಲ್ಲ, ಆ ಮಾತು ಬ್ಯಾರೆ.


ಹಳೇಟ್ರಂಕು

ಭೇಷ್, ಕಾಗಿಣಾತೀರ. ಹೈದರಾಬಾದಿನ ಮಾತು ಬಂದ ಮೇಲೆ ಮೈಸೂರಿನದ್ದು ಬಿಟ್ಟರೆ ನನಗೆ ನಿದ್ದೆ ಬರಲ್ಲ. 1941ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ 129ನೇ ಸ್ಕ್ವಾಡ್ರನ್ ಶುರುವಾಯಿತು. ಅದರ ಪೂರ್ತಿ ಹೆಸರು '129 ಮೈಸೂರು ಸ್ಕ್ವಾಡ್ರನ್'. ನಮ್ಮ ಸಂಸ್ಥಾನ ದುಡ್ಡು ಕೊಟ್ಟಿತ್ತು. ಅದರ ಲಾಂಛನ ನಮ್ಮ ಗಂಡಭೇರುಂಡ! ಇದು ಬಾಂಬರ್ ಅಲ್ಲ, ಫೈಟರ್. ಮೊದಲು ಸ್ಪಿಟ್‌ಫೈರ್, ಆಮೇಲೆ ಮಸ್ಟಾಂಗ್. 1944ರ ಬೇಸಿಗೆಯಲ್ಲಿ ಜರ್ಮನ್ನರು ಲಂಡನ್ ಕಡೆಗೆ ವಿ-1 ಎನ್ನುವ ಪೈಲಟ್ ಇಲ್ಲದ ಹಾರುವ ಬಾಂಬುಗಳನ್ನು ಬಿಟ್ಟರಲ್ಲ, ಅವುಗಳಲ್ಲಿ ಎಷ್ಟನ್ನೋ ಈ ಗಂಡಭೇರುಂಡದ ಹುಡುಗರು ದಾರಿಯಲ್ಲೇ ಹೊಡೆದು ಉರುಳಿಸಿದರು. ಹಾಗೆ ನೋಡಿದರೆ ನಮ್ಮ ದುಡ್ಡು ಲಂಡನ್ನಿನ ಕೆಲವು ಮನೆ ಉಳಿಸಿದ್ದೂ ಉಂಟು.


ಬೆಳ್ಳಂದೂರ್_ನೊರೆ | ಬೆಂಗಳೂರು

ನಮ್ಮ ಏರಿಯಾನೂ ಇದೆ ಸಾರ್ ಈ ಕಥೆಯಲ್ಲಿ. 1940ರ ಕೊನೆಗೆ ಶುರುವಾದ ಎಚ್‌ಎಎಲ್ ಅನ್ನು 1943ರಲ್ಲಿ ಅಮೆರಿಕನ್ ವಾಯುಪಡೆಗೆ ರಿಪೇರಿಗೆ ಬಿಟ್ಟುಕೊಟ್ಟಿದ್ರು. ಕ್ಯಾಟಲೀನಾ ಎನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ನಮ್ಮ ಬೆಳ್ಳಂದೂರು ಕೆರೆಗೇ ಬಂದು ಇಳೀತಿದ್ವು. ಈಗಿನ ಕೆರೆಗೆ ಇಳಿದರೆ ನೊರೆಯಲ್ಲಿ ಸಿಕ್ಕಾಕಿಕೊಳ್ತಿತ್ತು 😅

ನಮ್ಮ ತಾತ ಅಲ್ಲಿ ಫಿಟ್ಟರ್. ರೆಕ್ಕೆಯಲ್ಲಿ ಗುಂಡಿನ ತೂತು ಇರೋ ವಿಮಾನ ಬಂದರೆ ತಗಡು ಹಚ್ಚಿ ಮುಚ್ಚೋದು ಅವರ ಕೆಲಸ. ಸೀಟಿನ ಮೇಲೆ ಒಣಗಿದ ರಕ್ತ ಇರುತ್ತಿತ್ತಂತೆ. ಅದನ್ನು ತೊಳೆಯುವ ಮೊದಲು ಕೈ ಮುಗೀತಿದ್ದೆ ಅಂತ ಹೇಳ್ತಿದ್ರು. ಆ ವಿಮಾನ ಯಾವ ಊರಿನ ಮೇಲೆ ಏನು ಹಾಕಿ ಬಂದಿತ್ತು ಅಂತ ಕೇಳಿದ್ದೆ. "ನಮಗೆ ತೂತು ಮಾತ್ರ ಗೊತ್ತಿತ್ತು ಮಗಾ" ಅಂದ್ರು.


ವೇದಿಕೆ ನಿರ್ವಾಹಕರು

ನಡುವೆ ಬಂದ ಮೂರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಹಿಟ್ಲರನನ್ನು ಹೊಗಳುವುದಕ್ಕೆ ಇಲ್ಲಿ ಜಾಗ ಇಲ್ಲ. ಒಬ್ಬರನ್ನೊಬ್ಬರು ದೇಶದ್ರೋಹಿ ಎನ್ನುವುದಕ್ಕೂ ಇಲ್ಲ. ಮುಂದುವರಿಸಿ.


ಥೇಮ್ಸ್‌ಪಕ್ಕ | ಲಂಡನ್

ನಾನೂ ಎರಡು ಮಾತು ಸೇರಿಸ್ತೀನಿ. ಗ್ರೀನ್ ಪಾರ್ಕ್ ಪಕ್ಕ ಬಾಂಬರ್ ಕಮಾಂಡ್‌ನ ದೊಡ್ಡ ಸ್ಮಾರಕ ಇದೆ. ರಾಣಿ 2012ರ ಜೂನ್ 28ಕ್ಕೆ ಅನಾವರಣ ಮಾಡಿದ್ದು. ಏಳು ಜನರ ಕಂಚಿನ ಪ್ರತಿಮೆ. ಯಾರೂ ಜಯದ ಮುಖ ಹಾಕಿಕೊಂಡಿಲ್ಲ. ಈಗ ತಾನೇ ವಿಮಾನದಿಂದ ಇಳಿದು, ಇನ್ನೂ ಯಾರಾದರೂ ಬರ್ತಾರಾ ಅಂತ ನೋಡುತ್ತಿರುವ ಹಾಗಿದ್ದಾರೆ. ಮೇಲ್ಛಾವಣಿಗೆ ಬಳಸಿದ ಅಲ್ಯೂಮಿನಿಯಂ, ಬೆಲ್ಜಿಯಂನಲ್ಲಿ ಉರುಳಿಬಿದ್ದ ಒಂದು ಹ್ಯಾಲಿಫ್ಯಾಕ್ಸ್ ವಿಮಾನದ್ದು. ಕೆಸರಿನಿಂದ ಅಗೆದು ತೆಗೆದದ್ದು.

ನೇರಮಾತು ಅವರೇ, ಆ ಸ್ಮಾರಕದ ಒಳಗೆ ಒಂದು ಸಾಲು ಇದೆ: 1939ರಿಂದ 1945ರವರೆಗೆ ಬಾಂಬು ದಾಳಿಯಲ್ಲಿ ಸತ್ತ ಎಲ್ಲ ದೇಶಗಳ ಜನರ ನೆನಪಿಗೂ ಇದು, ಅಂತ. ಒಂದೇ ಸಾಲು. ಸಾಕಾ ಅಂದ್ರೆ ಸಾಲದು. ಇಲ್ಲದಿದ್ದರೆ ಇನ್ನೂ ಕೆಟ್ಟದಾಗಿರುತ್ತಿತ್ತು.

ಇನ್ನೊಂದು ಜಾಗ ಇದೆ, ಇದಕ್ಕಿಂತ ಹೆಚ್ಚು ನನ್ನನ್ನು ಕಾಡೋದು. ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಟ್ಯೂಬ್ ಸ್ಟೇಷನ್. 1943ರ ಮಾರ್ಚ್ 3ರ ಸಂಜೆ ಸೈರನ್ ಕೂಗಿತು. ಜನ ಮೆಟ್ಟಿಲು ಇಳಿಯುತ್ತಿದ್ದರು. ಹತ್ತಿರದ ಪಾರ್ಕಿನಿಂದ ಬ್ರಿಟಿಷರದ್ದೇ ಹೊಸ ರಾಕೆಟ್ ಹಾರಿಸಿದರು. ಆ ಸದ್ದು ಯಾರಿಗೂ ಪರಿಚಯ ಇರಲಿಲ್ಲ. ಬಾಂಬು ಅಂತ ಜನ ನುಗ್ಗಿದರು. ಕೆಳಗೆ ಯಾರೋ ಎಡವಿದರು. 173 ಜನ ಸತ್ತರು, ಅದರಲ್ಲಿ 62 ಮಕ್ಕಳು. ಆ ದಿನ ಅಲ್ಲಿ ಒಂದು ಬಾಂಬೂ ಬಿದ್ದಿರಲಿಲ್ಲ. ಈಗ ಅಲ್ಲಿ ಮೆಟ್ಟಿಲನ್ನು ತಲೆಕೆಳಗು ಮಾಡಿ ನೇತುಹಾಕಿದ ಹಾಗೆ ಒಂದು ಸ್ಮಾರಕ ಇದೆ. ಎಲ್ಲರ ಹೆಸರೂ ಇದೆ. ದಿನಾ ಆಫೀಸಿಗೆ ಹೋಗುವ ದಾರಿ ನಂದು. ಮಳೆ ಬಂದರೆ ಜನ ಅದರ ಕೆಳಗೆ ನಿಲ್ಲುತ್ತಾರೆ.


ರಾಗಿಮುದ್ದೆ_ಪ್ರೇಮಿ

ಭಾರತೀಯರು ಯಾರೂ ಇರಲಿಲ್ವಾ ಲಂಡನ್‌ನಲ್ಲಿ ಆಗ?


ಥೇಮ್ಸ್‌ಪಕ್ಕ

ಇದ್ದರು. ಸೇಂಟ್ ಪ್ಯಾಂಕ್ರಸ್ ಬಡಾವಣೆಯಲ್ಲಿ ರಾತ್ರಿ ಹೆಲ್ಮೆಟ್ ಹಾಕಿಕೊಂಡು, ದೀಪ ಆರಿಸಿ ಅಂತ ಬೀದಿ ಸುತ್ತುತ್ತಿದ್ದ ವಾರ್ಡನ್‌ಗಳಲ್ಲಿ ಒಬ್ಬರು ಅಲ್ಲಿನ ಕೌನ್ಸಿಲರ್ ವಿ.ಕೆ. ಕೃಷ್ಣ ಮೆನನ್. ಮುಂದೆ ನಮ್ಮ ರಕ್ಷಣಾ ಮಂತ್ರಿ ಆದರಲ್ಲ, ಅವರೇ. ಹಗಲು ಸ್ವಾತಂತ್ರ್ಯಕ್ಕೆ ಜಗಳ, ರಾತ್ರಿ ಅದೇ ಬ್ರಿಟಿಷರ ಮನೆ ಕಾಯುವುದು.


ಎಲ್ಬೆದಂಡೆ

ಮತ್ತೆ ಬಂದೆ. ಎರಡು ದಿನ ಇದನ್ನೇ ಯೋಚನೆ ಮಾಡ್ತಿದ್ದೆ.

ಸೋನೆಮಳೆ ಅವರು ಲಿಂಕನ್ ಕೆಥೆಡ್ರಲ್ ಗೋಪುರದ ಬಗ್ಗೆ ಬರೆದರಲ್ಲ. ಇಲ್ಲಿ ಸೇಂಟ್ ನಿಕೊಲಾಯ್ ಅಂತ ಒಂದು ಚರ್ಚು. 147 ಮೀಟರ್ ಎತ್ತರದ ಗೋಪುರ. 1874ರಿಂದ ಎರಡು ವರ್ಷ ಪ್ರಪಂಚದಲ್ಲೇ ಅತಿ ಎತ್ತರದ ಕಟ್ಟಡ ಅದು. 1943ರಲ್ಲಿ ಇಲ್ಲಿಗೆ ಬಂದ ವಿಮಾನಗಳಿಗೆ ಗುರುತು ಆಗಿದ್ದದ್ದು ಅದೇ ಗೋಪುರ. ಹೊರಡುವಾಗ ಒಂದು ಗೋಪುರ, ಮುಟ್ಟುವಾಗ ಒಂದು ಗೋಪುರ. ಎರಡೂ ದೇವರ ಮನೆ. ಚರ್ಚು ಬಿತ್ತು, ಗೋಪುರ ಇವತ್ತಿಗೂ ನಿಂತಿದೆ. ಕೆಳಗಿನ ನೆಲಮಾಳಿಗೆಯಲ್ಲಿ ಮ್ಯೂಸಿಯಂ ಮಾಡಿದ್ದಾರೆ.

ನೇರಮಾತು ಸಾರ್ ಕೇಳಿದ್ದಕ್ಕೆ ನನ್ನ ಹತ್ತಿರ ನೇರ ಉತ್ತರ ಇಲ್ಲ. ಆದರೆ ಓಲ್ಸ್‌ಡಾರ್ಫ್‌ಗೆ ನಿನ್ನೆ ಮತ್ತೆ ಹೋಗಿದ್ದೆ. ಮೊದಲು ನಾನು ಬರೆಯದೆ ಬಿಟ್ಟ ಒಂದು ವಿಷಯ ಇದೆ. ಅದೇ ಸ್ಮಶಾನದಲ್ಲಿ ಬ್ರಿಟಿಷರ ಯುದ್ಧ ಸಮಾಧಿಗಳೂ ಇವೆ. ಸಾಲಾಗಿ ಬಿಳಿ ಕಲ್ಲು. ಈ ಕಡೆ ಉರುಳಿಬಿದ್ದ ವಿಮಾನಗಳ ಹುಡುಗರೂ ಅಲ್ಲಿದ್ದಾರೆ. ಹೆಸರು, ವಯಸ್ಸು, ಕೆಳಗೆ ಮನೆಯವರು ಬರೆಸಿದ ಒಂದು ಸಾಲು. 20, 21, 19. ಆಮೇಲೆ ಬಡಾವಣೆಗಳ ತೊಲೆಗಳ ಹತ್ತಿರ ಹೋದೆ. ಅಲ್ಲೊಬ್ಬ ತೋಟದವನು ಹುಲ್ಲು ಕತ್ತರಿಸುವ ಗಾಡಿ ಓಡಿಸುತ್ತಿದ್ದ. ಎರಡೂ ಕಡೆ ನೀವೇ ನೋಡಿಕೊಳ್ಳೋದಾ ಅಂತ ಕೇಳಿದೆ. ಅಲ್ಲವಂತೆ. ಬ್ರಿಟಿಷರದ್ದಕ್ಕೆ ಬೇರೆಯವರು ಬರ್ತಾರಂತೆ. "ಅವರ ಹುಲ್ಲು ನಮ್ಮದಕ್ಕಿಂತ ಚೆನ್ನಾಗಿದೆ" ಅಂದ, ಸ್ವಲ್ಪ ಹೊಟ್ಟೆಕಿಚ್ಚಿನಲ್ಲಿ.

ಇನ್ನೊಂದು, ಇದು ಇನ್ನೂ ಮುಗಿದಿಲ್ಲ. ಇಲ್ಲಿ ಪಾಯ ತೋಡಿದರೆ ಬಾಂಬು ಸಿಗುತ್ತೆ. ಫ್ರಾಂಕ್‌ಫರ್ಟ್‌ನಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಒಂದೇ ಬ್ರಿಟಿಷ್ ಬಾಂಬಿಗೋಸ್ಕರ 60,000ಕ್ಕೂ ಜಾಸ್ತಿ ಜನರನ್ನು ಮನೆ ಬಿಡಿಸಿದರು. ನಮ್ಮ ಬೀದಿಯಲ್ಲೂ ಒಂದು ಸಲ ಆಯ್ತು. ಕುಕ್ಕರ್ ಎರಡನೇ ಸೀಟಿ ಹೊಡೆದಿತ್ತು, ಪೊಲೀಸಿನವರು ಬಾಗಿಲು ತಟ್ಟಿ ಇಳೀರಿ ಅಂದರು. ಬೇಳೆ ಹಾಗೇ ಬಿಟ್ಟು ಶಾಲೆಯ ಹಾಲ್‌ನಲ್ಲಿ ಆರು ಗಂಟೆ ಕೂತೆವು. ಎಲ್ಲರೂ ಮೊಬೈಲ್ ನೋಡುತ್ತಾ ಬೇಜಾರು ಮಾಡಿಕೊಳ್ಳುತ್ತಿದ್ದರು. ಓಮಾ ಮಾತ್ರ ಸಲೀಸಾಗಿ ಇದ್ದರು. ಅವರ ಚೀಲ ಮೊದಲೇ ಕಟ್ಟಿಟ್ಟಿತ್ತು. ಬಾಗಿಲ ಹಿಂದೆ ಯಾವಾಗಲೂ ಇರುತ್ತಂತೆ.


ನೇರಮಾತು

ಎಲ್ಬೆದಂಡೆ ಅವರೇ, ಇದನ್ನು ಓದಿದ ಮೇಲೆ ಜಗಳ ಮುಂದುವರಿಸಲು ಮನಸ್ಸಿಲ್ಲ. ಆದೇಶ ಕೊಟ್ಟವರ ಮೇಲೆ ನನ್ನ ಸಿಟ್ಟು ಇಳಿದಿಲ್ಲ, ಅದು ಹಾಗೇ ಇರಲಿ. ಹುಡುಗರ ಗೋಡೆಯ ಬಗ್ಗೆ ಹೇಳಿದ್ದನ್ನು ಅರ್ಧ ವಾಪಸ್ ತಗೋತೀನಿ. ಅರ್ಧ ಮಾತ್ರ. ಇನ್ನರ್ಧಕ್ಕೆ ಬಂಗಾಳದವರ ಗೋಡೆ ಕಟ್ಟಿದ ಮೇಲೆ ನೋಡೋಣ.


ಹಳೇಟ್ರಂಕು

ಸರಿಯಾದ ಮಾತು. ಒಂದು ಸೇರಿಸಿ ಮಲಗ್ತೀನಿ. ಯುದ್ಧದ ಕೊನೆಯ ವಾರಗಳಲ್ಲಿ ಹಾಲೆಂಡಿನ ಜನ ಹಸಿವಿನಿಂದ ಸಾಯುತ್ತಿದ್ದರು. 1945ರ ಏಪ್ರಿಲ್ 29ರಿಂದ ಇದೇ ಲ್ಯಾಂಕಾಸ್ಟರ್‌ಗಳು ಹಗಲಲ್ಲಿ, ಮರದ ತುದಿ ಮುಟ್ಟುವ ಹಾಗೆ ಹಾರಿ, ಬಾಂಬಿನ ಜಾಗದಲ್ಲಿ ಹಿಟ್ಟು, ಸಕ್ಕರೆ, ಒಣ ಮೊಟ್ಟೆ ಪುಡಿ ಉದುರಿಸಿದವು. ಹತ್ತು ದಿನದಲ್ಲಿ 6,600 ಟನ್ನಿಗೂ ಜಾಸ್ತಿ. ಅದೇ ಬಾಗಿಲು, ಅದೇ ಗುಂಡಿ ಒತ್ತುವ ಹುಡುಗ.


ಸೋನೆಮಳೆ

ಎಲ್ಲರಿಗೂ ಏನು ಹೇಳಬೇಕೋ ತಿಳೀತಿಲ್ಲ. ಇಷ್ಟು ಜನ ಬರೀತೀರಿ ಅಂದುಕೊಂಡಿರಲಿಲ್ಲ.

ನಿನ್ನೆ ಅಜ್ಜಿಯ ಮಗಳಿಗೆ ಫೋನ್ ಮಾಡಿ ಹ್ಯಾಂಬರ್ಗಿನ ಓಮಾ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು, ಆ ಜುಲೈನಲ್ಲಿ ಅಮ್ಮ ಎಣಿಸಿದ ವಿಮಾನಗಳೂ ಅಲ್ಲಿಗೇ ಹೋಗಿದ್ದವಾ ಅಂತ. ಇರಬಹುದು ಅಂದೆ. ಅವರು ಓಮಾಗೆ ಒಂದು ಕಾರ್ಡ್ ಕಳಿಸಬಹುದಾ ಅಂತ ಕೇಳುತ್ತಿದ್ದಾರೆ. ಏನು ಬರೆಯಬೇಕು ಅಂತ ಅವರಿಗೂ ಗೊತ್ತಿಲ್ಲ. ಎಲ್ಬೆದಂಡೆ ಅವರೇ, ಓಮಾ ಹತ್ತಿರ ಒಮ್ಮೆ ಕೇಳ್ತೀರಾ? ಬೇಡ ಅಂದರೆ ಬೇಡ.


ಎಲ್ಬೆದಂಡೆ

ಕೇಳ್ತೀನಿ. ಭಾನುವಾರ ಕೇಕ್ ತಿನ್ನಲು ಕರೆದಿದ್ದಾರೆ.


ಥೇಮ್ಸ್‌ಪಕ್ಕ

ಮೇಷ್ಟ್ರೇ, ಗಂಡಭೇರುಂಡ ನನ್ನ ತಲೆಗೆ ಹತ್ತಿಬಿಟ್ಟಿದೆ. ಸ್ಟ್ರಾಂಡ್ ರಸ್ತೆಯಲ್ಲಿ ಸೇಂಟ್ ಕ್ಲೆಮೆಂಟ್ ಡೇನ್ಸ್ ಅಂತ ಒಂದು ಚರ್ಚು ಇದೆ. 1941ರ ಮೇ 10ರ ಜರ್ಮನ್ ದಾಳಿಯಲ್ಲಿ ಸುಟ್ಟು ಬರೀ ಗೋಡೆ ಉಳಿದಿತ್ತು. ಮತ್ತೆ ಕಟ್ಟಿ 1958ರಿಂದ ವಾಯುಪಡೆಯ ಚರ್ಚು ಮಾಡಿದ್ದಾರೆ. ಅದರ ನೆಲದ ತುಂಬಾ ಸ್ಲೇಟ್ ಕಲ್ಲಿನಲ್ಲಿ ಕೆತ್ತಿದ ಸ್ಕ್ವಾಡ್ರನ್ ಲಾಂಛನಗಳು, 800ಕ್ಕೂ ಜಾಸ್ತಿ. ಹೊರಗೆ ಬಾಗಿಲ ಮುಂದೆ ಬಾಂಬರ್ ಕಮಾಂಡ್‌ನ ಮುಖ್ಯಸ್ಥ ಹ್ಯಾರಿಸ್‌ನ ಪ್ರತಿಮೆ. 1992ರಲ್ಲಿ ನಿಲ್ಲಿಸಿದಾಗ ಜನ ಕೂಗಾಡಿ, ಅದಕ್ಕೆ ಕೆಂಪು ಬಣ್ಣ ಎರಚಿದ್ದರು.

ಶನಿವಾರ ಹೋಗಿ ನಮ್ಮ 129 ಸಿಗುತ್ತಾ ಅಂತ ಹುಡುಕ್ತೀನಿ. ಸಿಕ್ಕರೆ ಫೋಟೋ ಹಾಕ್ತೀನಿ. ಒಂದೇ ತೊಂದರೆ. ಅದು ನೆಲದ ಮೇಲಿರುತ್ತೆ, ಜನ ಶೂ ಹಾಕಿಕೊಂಡು ಓಡಾಡುವ ಜಾಗ. ಗಂಡಭೇರುಂಡವನ್ನು ತುಳಿಯೋದು ಹೇಗೆ ಮೇಷ್ಟ್ರೇ?


ಹಳೇಟ್ರಂಕು

ಪಕ್ಕದ ಕಲ್ಲಿನ ಮೇಲೆ ನಿಂತುಕೋ ಅನ್ನೋಣ ಎಂದರೆ ಅದೂ ಯಾರದ್ದೋ ಸ್ಕ್ವಾಡ್ರನ್ನೇ. ಶೂ ಬಿಚ್ಚಿಟ್ಟು ಹೋಗಪ್ಪಾ. ಯಾರಾದರೂ ಕೇಳಿದರೆ ಮೈಸೂರಿನವನು ಅನ್ನು.